ಮಾಳಗಿ ಮ್ಯಾಲಿನ ಮೊಲಕ್ಕ ನೀರು-ಮೇವು: ಬಟ್ಟಲೋ, ನಿಪ್ಪಲ್ಲೋ?

ಬೆಟಗೇರಿ ಮಗ್ಗ:

ನಮಸ್ಕಾರ್ರಿ ಎಲ್ಲಾರಿಗೂ. ಗದಗ-ಬೆಟಗೇರಿ, ಮಾಳಗಿ ಮ್ಯಾಲ ತಗಡಿನ ಶೆಡ್ಡು. ಗಂಡು ಮೊಲ 2, ಹೆಣ್ಣು 6, ಅದರಾಗ 3 ಈದಾವ. ಎರಡು ತಿಂಗಳ ಒಳಗಿನ ಮರಿ 15. ತಂತಿ ಜಾಳಗಿ ಪಂಜರ.

ಈಗ ನೀರು ಪ್ಲಾಸ್ಟಿಕ್ ಬಟ್ಟಲದಾಗ, ಮೇವು ಪಂಜರದ ತಳಕ್ಕ ಹಾಕೂದು. ಬಟ್ಟಲ ಕೆಡವತಾವ, ಕೆಡವದಿದ್ರ ಅದರಾಗ ಹಿಕ್ಕಿ ಹಾಕ್ತಾವ. ನಳ ವಾರಕ್ಕೊಮ್ಮೆ, ಉಳದ ದಿನ ಬ್ಯಾರಲ್ ನೀರು, ಅದೂ ತೀರಿದ್ರ ಬೋರಿನ ಸವಳು ನೀರು. 5-6 ವಾರದ ಮರಿ ಹೊಟ್ಟಿ ಉಬ್ಬಿಸ್ಕೊಂಡು, ತೆಳ್ಳಗ ಹೇತು ಎರಡು ದಿನದಾಗ ಹೋಗಿಬಿಡ್ತಾವ.

ಕೇಳೂದು ಇಷ್ಟ. ನಿಪ್ಪಲ್ (ಮೊಲ ನಾಲಿಗೀಲೆ ಕಡ್ಡಿ ಒತ್ತಿದ್ರ ನೀರು ಬಿಡೂ ಸಣ್ಣ ನಳ) ಹಾಕೂದು ಛಲೋನೋ? ದಿನಕ್ಕ ಎಷ್ಟು ನೀರು ಬೇಕು? ಎಮ್ಮಿಗೆ ತಂದ ಹಿಂಡಿ, ಇಲ್ಲಾ ಕೋಳಿ ಫೀಡು ಕೊಟ್ರ ನಡೀತೈತೇನು?

ನವಲೂರು ಪೇರಲ:

ಮದಲ ನೀರಿನ ಲೆಕ್ಕಾ ಹಾಕೂಣ್ರಿ. ಬೆಳದ ಮೊಲಕ್ಕ ಒಂದು ಕಿಲೋ ತೂಕಕ್ಕ ದಿನಕ್ಕ 100 ಮಿಲಿ ಅಂತ ಹಿಡೀರಿ. 3 ಕಿಲೋದ ಗಂಡಿಗೆ 300 ಮಿಲಿ. ಮರಿಗೆ ಹಾಲು ಕುಡಿಸೂ ತಾಯಿಗೆ ಒಂದು ಲೀಟರ್, ಬಿಸಲಾಗ ಅದರ ಮ್ಯಾಲೂ ಹೋಗ್ತೈತಿ. ಎರಡು ತಿಂಗಳ ಮರಿಗೆ 200 ಮಿಲಿ. ನಿಮ್ಮಲ್ಲಿ ಒಟ್ಟು ಸುಮಾರು 8 ಲೀಟರ್ ಆತು. ಏಪ್ರಿಲ್-ಮೇದಾಗ ಗದಗಿನ ತಗಡಿನ ಕೆಳಗ 12ರಿಂದ 15 ಲೀಟರ್ ಅನ್ರಿ. ಅಂದ್ರ 20 ಲೀಟರಿನ ಒಂದು ಕ್ಯಾನ್ ಸಾಕು. ದೊಡ್ಡ ಟಾಕಿ ಬ್ಯಾಡ. ದಿನಾ ಖಾಲಿ ಆಗಿ ದಿನಾ ತುಂಬೂ ಕ್ಯಾನಿನಾಗ ಪಾಚಿ ಕಟ್ಟಾಕ ವ್ಯಾಳೆ ಸಿಗೂದಿಲ್ಲ.

ಈದ ಮೂರು ತಾಯಿಗೋಳ ಕಡೆ ಒಂದು ಕಣ್ಣಿಡ್ರಿ. ಈದ ರಾತ್ರಿ ನೀರು ಸಿಗದಿದ್ರ ತಾಯಿ ತನ್ನ ಮರೀನ ತಿನ್ನೂದುಂಟು. "ಕೆಟ್ಟ ತಾಯಿ" ಅಂತ ಮಾರೂಕಿಂತ ಮದಲ ಬಟ್ಟಲ ನೋಡಬೇಕು.

ನಿಪ್ಪಲ್ ಛಲೋ, ಆದ್ರ ಹಾಕೂ ರೀತಿ ಐತಿ. ಭಾಳ ಮಂದಿ ಮಾಳಗಿ ಟಾಕಿಯಿಂದ ಸೀದಾ ಪೈಪ್ ಎಳೀತಾರ. ಟಾಕಿ 10-15 ಅಡಿ ಎತ್ತರದಾಗ ಇದ್ರ ಆ ಒತ್ತಡ ನಿಪ್ಪಲ್ಲಿನ ಕಡ್ಡೀನ ಒಳಗಿಂದ ಗಟ್ಟಿ ಹಿಡಿತೈತಿ. ದೊಡ್ಡ ಮೊಲ ಹೆಂಗೋ ಒತ್ತೀತು. ತಿಂಗಳ ಮರಿ ನಾಲಿಗೀಲೆ ಒತ್ತಾಕ ಆಗೂದಿಲ್ಲ, ನೀರು ಕಣ್ಮುಂದ ಇದ್ದೂ ಬಾಯಾರಿ ಕೂಡ್ತೈತಿ. ಒತ್ತಿದ್ರ ಮಕದ ಮ್ಯಾಲ ಚಿಮ್ಮಿ ಹೆದರಿ ಹಿಂದ ಸರೀತೈತಿ. ಅದಕ್ಕ ನಡುವ ಸಣ್ಣ ಕ್ಯಾನ್ ಇಟ್ಟು, ನಿಪ್ಪಲ್ಲಿಂದ 2-3 ಅಡಿ ಮ್ಯಾಲ ತೂಗುಹಾಕ್ರಿ. ಅಷ್ಟ ಒತ್ತಡ ಸಾಕು.

ಜೋಡಿಸೂದು ಹಿಂಗ:

ಕ್ಯಾನಿನ ತಳದಿಂದ ಎರಡು ಬೆರಳು ಮ್ಯಾಲ ತೂತು ಮಾಡಿ ವಾಲ್ವ್ ಹಾಕ್ರಿ. ತಳದ ಕೆಸರು ತಳದಾಗ ಉಳೀಲಿ. ವಾಲ್ವಿನ ಮುಂದ ಹೊಲದ ಡ್ರಿಪ್ಪಿಗೆ ಹಾಕ್ತಾರಲ್ಲ, ಜಾಳಗಿ ಫಿಲ್ಟರ್, ಸಣ್ಣದು, ಅದು ಒಂದು. ನಿಪ್ಪಲ್ ಸೋರೂದು ಭಾಳ ಸಲ ಒಂದು ಮಳಲ ಹರಳಿನಿಂದ. ಪೈಪ್ ಕರೇದು ಇರಲಿ; ಬಿಳೀ ಪಾರದರ್ಶಕ ನಳಿಗೆಯಾಗ ಬೆಳಕು ಹೊಕ್ಕು ಒಳಗ ಹಸರು ಲೋಳಿ ಕಟ್ಟತೈತಿ. ಕ್ಯಾನೂ ಪಾರದರ್ಶಕ ಇದ್ರ ಕರೀ ಅರಬಿ ಸುತ್ತಿಬಿಡ್ರಿ. ಪೈಪಿನ ಸಾಲು ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಬೇಕು, ತಗ್ಗಿನ ತುದಿಗೆ ತೊಳಿಯಾಕ ಒಂದು ಸಣ್ಣ ನಳ.

ನಿಪ್ಪಲ್ ಎತ್ತರ: ಮೊಲ ನಾಕೂ ಕಾಲ ಮ್ಯಾಲ ನಿಂತು ಮೂಗು ಸ್ವಲ್ಪ ಎತ್ತಿದ್ರ ಮುಟ್ಟುವಷ್ಟು. ಬೆಳದದ್ದಕ್ಕ ತಳದಿಂದ 20-25 ಸೆಂ.ಮೀ. ಆಗ್ತೈತಿ. ಮರಿ ಇರೂ ಪಂಜರಕ್ಕ ಇನ್ನೊಂದು, 10-12 ಸೆಂ.ಮೀ. ಎತ್ತರದಾಗ. ತಾಯಿ ಎತ್ತರಕ್ಕ ಒಂದ ಹಾಕಿದ್ರ ಮರಿ 20ನೇ ದಿನದ ಸುಮಾರು ಗೂಡಿಂದ ಹೊರಗ ಬಂದು ಕಾಳು ಕಡ್ಯಾಕ ಶುರು ಮಾಡ್ತಾವ, ನೀರು ಮಾತ್ರ ಎಟಕೂದಿಲ್ಲ.

ಬಟ್ಟಲದ ರೂಢಿ ಇದ್ದ ಮೊಲಕ್ಕ ಒಮ್ಮೆಲೆ ಬಟ್ಟಲ ತಗೀಬ್ಯಾಡ್ರಿ. ನಾಕು ದಿನ ಎರಡೂ ಇರಲಿ. ಕಡ್ಡಿ ಒಮ್ಮೆ ಒತ್ತಿ ತುದಿಗೆ ಒಂದು ಹನಿ ತೂಗೂಹಂಗ ಬಿಡ್ರಿ, ಹನಿ ಹೊಳಿಯೂದು ಕಂಡು ನೆಕ್ಕತಾವ. ಕುಡೀತಾವೋ ಇಲ್ಲೋ ಅಂತ ಗೊತ್ತಾಗಾಕ ಕ್ಯಾನಿಗೆ ಲೀಟರಿನ ಗೆರಿ ಹಚ್ಚಿ ದಿನಾ ಸಂಜಿಮುಂದ ನೋಡ್ರಿ. ಎಂಟು ಲೀಟರ್ ಇಳಿಯೂದು ಒಮ್ಮೆಲೆ ಐದಕ್ಕ ನಿಂತ್ರ ಎಲ್ಲೋ ಒಂದು ನಿಪ್ಪಲ್ ಬಂದ್ ಆಗೇತಿ, ಇಲ್ಲಾ ಒಂದು ಮೊಲ ಜಡ್ಡಾಗೇತಿ.

ಬ್ಯಾಡಗಿ ಡಬ್ಬಿ:

ನೀರಿನ ಮಾತು ಮೇಲಿನವರು ಹೇಳಿದ್ದು ಸರಿ. ನಿಮ್ಮ ಮರಿ ಸಾಯೋದಕ್ಕೆ ಮುಖ್ಯ ಕಾರಣ ಮಾತ್ರ ಮೇವು ಪಂಜರದ ತಳದಲ್ಲಿ ಬೀಳೋದು ಅಂತ ನನ್ನ ಅಂದಾಜು. 4ರಿಂದ 8 ವಾರದ ಮರಿಗೆ ಹೊಟ್ಟೆ ಉಬ್ಬಿ ಭೇದಿ ಅಂದ್ರೆ ಕಾಕ್ಸಿಡಿಯೋಸಿಸ್ (ಕಾಕ್ಸಿಡಿಯಾ ಅನ್ನೋ ಸೂಕ್ಷ್ಮ ಪರೋಪಜೀವಿಯಿಂದ ಬರೋ ರೋಗ) ಗುಮಾನಿ ಮೊದಲು ಬರಬೇಕು. ಅದರ ಮೊಟ್ಟೆಯಂಥ ಕಣ ಹಿಕ್ಕಿಯಲ್ಲಿ ಹೊರಬೀಳ್ತದೆ. ಬಿದ್ದ ಗಳಿಗೆಯಲ್ಲೇ ರೋಗ ತರೋದಿಲ್ಲ. ಹಸಿ ಮತ್ತು ಬೆಚ್ಚನೆ ಸಿಕ್ಕರೆ ಒಂದರಿಂದ ನಾಲ್ಕು ದಿನದಲ್ಲಿ ಬಲಿತು ರೋಗ ಹಚ್ಚೋ ಹಂಗಾಗ್ತದೆ. ಚೆಲ್ಲಿದ ಬಟ್ಟಲದ ನೀರು, ಅದರ ಮೇಲೆ ಹಿಕ್ಕಿ, ಅದರ ಮೇಲೆ ಹಸಿ ಹುಲ್ಲು. ಇನ್ನೇನು ಬೇಕ್ರಿ ಅದಕ್ಕೆ?

ಹಂಗಂತ ನೋಡಿದ ತಕ್ಷಣ ಔಷಧ ಹಾಕಬೇಡ್ರಿ. ತಾಜಾ ಹಿಕ್ಕಿ ಹತ್ತು-ಹದಿನೈದು ಸ್ವಚ್ಛ ಡಬ್ಬಿಯಲ್ಲಿ ಹಾಕಿಕೊಂಡು ಅವತ್ತೇ ಪಶು ಆಸ್ಪತ್ರೆಗೋ ಗದಗಿನ ಪಶುವೈದ್ಯಕೀಯ ಕಾಲೇಜಿಗೋ ಒಯ್ದು ತೋರಿಸ್ರಿ. ಸೂಕ್ಷ್ಮದರ್ಶಕದಲ್ಲಿ ಕಾಣ್ತದೆ. ಔಷಧ, ಪ್ರಮಾಣ ಡಾಕ್ಟರು ತೂಕ ನೋಡಿ ಹೇಳ್ತಾರೆ.

ಮೇವು ತಳದಿಂದ ಎತ್ತಬೇಕು. ಹುಲ್ಲಿಗೆ ಪಂಜರದ ಗೋಡೆಗೆ ವಿ ಆಕಾರದ ತಂತಿ ಗೋದಲಿ ಮಾಡಿಸ್ರಿ, ತಂತಿ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬೇಡ, ಮರಿ ತಲೆ ಸಿಕ್ಕಿ ಒದ್ದಾಡ್ತದೆ. ಕಾಳಿನ ಪೆಟ್ಟಿಗೆ ತಗಡಿನದು, ಪಂಜರದ ಹೊರಗೆ ನೇತುಹಾಕಿ ಬಾಯಿ ಮಾತ್ರ ಒಳಗೆ. ಬಾಯಿಯ ಅಂಚು ಒಂದು ಸೆಂ.ಮೀ. ಒಳಕ್ಕೆ ಮಡಚಿದ್ದಿರಲಿ, ಇಲ್ಲದಿದ್ರೆ ಮುಂಗಾಲಿನಿಂದ ಕೆದರಿ ಅರ್ಧ ಕೆಳಗೆ ಚೆಲ್ತಾವೆ. ಅಂಚು ಹರಿತ ಇದ್ರೆ ನಾಲಿಗೆ ಕೊಯ್ತದೆ, ಮಡಚಿ ಸುತ್ತಿಗೆಯಿಂದ ಬಡಿಸ್ರಿ. ತಳಕ್ಕೆ ಸಣ್ಣ ತೂತಿನ ಜಾಲರಿ ಹಾಕಿಸಿದ್ರೆ ಪುಡಿ ಕೆಳಗುದುರ್ತದೆ. ಪುಡಿ ಅಲ್ಲೇ ಉಳಿದ್ರೆ ಮೂಗಿಗೆ ಹೋಗಿ ಸೀನು ಹತ್ತೋದುಂಟು, ಎಷ್ಟೋ ಜನ ಅದನ್ನು ನೆಗಡಿ ಅಂದ್ಕೊಳ್ತಾರೆ.

ಮೊಲದ ಊಟದಲ್ಲಿ ಹುಲ್ಲೇ ದೊಡ್ಡದು. ಒಣ ಹುಲ್ಲು ಯಾವಾಗಲೂ ಗೋದಲಿಯಲ್ಲಿರಲಿ: ಶೇಂಗಾ ಹೊಟ್ಟು, ಒಣ ಕರಿಕೆ, ಕುದುರೆಮೆಂತೆ ಒಣಗಿಸಿದ್ದು. ಹಸಿ ಹುಲ್ಲು ಮುಂಜಾನೆ ಮಂಜಿನಲ್ಲಿ ಕೊಯ್ದು ಹಂಗೇ ಹಾಕಬೇಡ್ರಿ, ಅದರಲ್ಲೂ ಕುದುರೆಮೆಂತೆ. ತೊಳೆದು ನೆರಳಲ್ಲಿ ಮೂರು-ನಾಲ್ಕು ತಾಸು ತೆಳ್ಳಗೆ ಹರವಿ ಬಾಡಿಸ್ರಿ. ಗುಡ್ಡೆ ಹಾಕಿ ಇಟ್ರೆ ಒಳಗೆ ಕಾವು ಬಂದು ಹಳದಿಯಾಗ್ತದೆ. ಕೈ ಹಾಕಿದ್ರೆ ಬೆಚ್ಚಗೆ ಹತ್ತಿದ ಹುಲ್ಲು ತಿಪ್ಪೆಗೇ ಸೈ.

ನಮ್ಮ ಕಡೆ ಒಂದು ವಿಶೇಷ ಎಚ್ಚರಿಕೆ. ಮೆಣಸಿನಕಾಯಿ ಹೊಲದ ಬದುವಿನ ಹುಲ್ಲು, ಹತ್ತಿ ಹೊಲದ ಕಸ, ಎಷ್ಟೇ ಎಳಸು ಕಂಡ್ರೂ ಬೇಡ. ಔಷಧ ಹೊಡೆದ ನಾಳೆಯೂ ಹಸಿರಾಗೇ ಇರ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಕೂಳೆಯಿಂದ ಬಂದ ಚಿಗುರಿನಲ್ಲಿ ಸಯನೈಡ್ ಆಗೋ ಅಂಶ ಇರ್ತದೆ. ದನಕ್ಕೆ ಹಾಕೋದಿಲ್ಲ ಅಂದ ಮೇಲೆ ಮೊಲಕ್ಕೂ ಇಲ್ಲ. ಸುಬಾಬುಲ್ ಸೊಪ್ಪಿನಿಂದ ಕೂದಲು ಉದುರ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಸಿಪ್ಪೆ, ಉಳಿದ ಅನ್ನ-ರೊಟ್ಟಿ ಅಡಿಗೆಮನೆಯಲ್ಲೇ ಉಳಿಯಲಿ. ಗಜ್ಜರಿ ಅಂದ್ರೆ ಮೊಲದ ಊಟ ಅಂತ ಚಿತ್ರದಲ್ಲಿ ಇರ್ತದೆ, ಅದರ ಸಕ್ಕರೆ ಹೊಟ್ಟೆ ಕೆಡಿಸ್ತದೆ. ಒಂದು ಬೆರಳು ಗಾತ್ರ ಸಾಕು, ಎಲೆ ಬೇಕಾದ್ರೆ ಜಾಸ್ತಿ ಕೊಡ್ರಿ.

ಈಗ ಹಿಂಡಿ. ಎಮ್ಮೆಗೆ ತಂದದ್ದು ಹತ್ತಿಕಾಳು ಹಿಂಡಿ ಇದ್ರೆ ಮೊಲಕ್ಕೆ ಬೇಡ. ಅದರಲ್ಲಿ ಗಾಸಿಪಾಲ್ ಅನ್ನೋ ವಿಷ ಇದೆ, ಮೆಲುಕು ಹಾಕೋ ದನ ತಕ್ಕಮಟ್ಟಿಗೆ ತಡೆದುಕೊಳ್ತದೆ, ಮೊಲಕ್ಕೆ ಆ ಶಕ್ತಿ ಇಲ್ಲ. ಶೇಂಗಾ ಹಿಂಡಿ ಕೊಡಬಹುದು. ನೂರು ಕಿಲೋ ಮಿಶ್ರಣಕ್ಕೆ ಗೋವಿನಜೋಳದ ನುಚ್ಚು 25, ಗೋಧಿ ಬೂಸಾ 35, ಶೇಂಗಾ ಹಿಂಡಿ 18, ಕಡ್ಲಿ ಹೊಟ್ಟು 20, ಖನಿಜ ಮಿಶ್ರಣ ಒಂದೂವರೆ ಕಿಲೋ, ಉಪ್ಪು ಅರ್ಧ ಕಿಲೋ. ಇದರಲ್ಲಿ ಪ್ರೊಟೀನು ಸುಮಾರು 16 ಪ್ರತಿಶತ ಬರ್ತದೆ. ಬೆಳೆದ ಮೊಲಕ್ಕೆ ದಿನಕ್ಕೆ 100 ಗ್ರಾಂ, ಹಾಲುಣಿಸೋ ತಾಯಿಗೆ 200. ಕೊಡೋವಾಗ ಪುಡಿ ಏಳದಷ್ಟು ನೀರು ಚಿಮುಕಿಸ್ರಿ, ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ತೊಯ್ಸಿದ್ದು ಬೇಸಿಗೆಯಲ್ಲಿ ಎರಡು-ಮೂರು ತಾಸಿಗೆ ಹುಳಿ ವಾಸನೆ ಬರ್ತದೆ. ಉಳಿದದ್ದು ಸಂಜೆಗೆ ಅಂತ ಇಡಬೇಡ್ರಿ.

ಶೇಂಗಾ ಹಿಂಡಿ, ಗೋವಿನಜೋಳ ಎರಡಕ್ಕೂ ಬೂಸ್ಟು ಹಿಡಿಯೋ ಸ್ವಭಾವ. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟಿ ಲಿವರ್ ತಿಂತದೆ. ಮೊಲ, ಬಾತುಕೋಳಿ ಇದಕ್ಕೆ ಭಾಳ ಸೂಕ್ಷ್ಮ. ಬಿಸಿಲಿಗೆ ಹಾಕಿ ಬೂಸ್ಟು ಕೊಡವಿದ್ರೆ ಕಣ್ಣಿಗೆ ಸ್ವಚ್ಛ, ವಿಷ ಅಲ್ಲೇ ಇರ್ತದೆ. ಹುರಿದ್ರೂ ಪೂರಾ ಹೋಗೋದಿಲ್ಲ. ಹಾವೇರಿ, ರಾಣೇಬೆನ್ನೂರು ಕಡೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ಗೋವಿನಜೋಳ ಅಗ್ಗ ಸಿಗ್ತದೆ, ಆ ಅಗ್ಗ ಮೊಲಕ್ಕಲ್ಲ. ಕಾಳು ಹಲ್ಲಿಗೆ ಕಟ್ ಅಂತ ಮುರೀಬೇಕು. ಹದಿನೈದು ದಿನಕ್ಕೆ ಆಗೋವಷ್ಟೇ ತಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ನೆಲದಿಂದ ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡ್ರಿ. ಹೊಸದು ಬಂದ್ರೆ ಹಳೇದರ ಮೇಲೆ ಸುರಿಯೋದು ಬೇಡ. ಡಬ್ಬಿ ಖಾಲಿ ಮಾಡಿ, ಒರೆಸಿ, ಒಣಗಿಸಿ ಆಮೇಲೆ.

ಉಣಕಲ್ ಕೆರಿ:

ಕೋಳಿ ಫೀಡಿನ ಪ್ರಶ್ನೆ ಯಾರೂ ಮುಟ್ಟಿಲ್ಲ. ಬ್ಯಾಡ್ರಿ, ಖಂಡಿತ ಬ್ಯಾಡ. ಬ್ರಾಯ್ಲರ್ ಫೀಡಿನಾಗ ಕಾಕ್ಸಿಡಿಯಾ ತಡಿಯಾಕ ಸಾಲಿನೋಮೈಸಿನ್, ನರಾಸಿನ್ ಅಂಥಾವು ಬೆರಸಿರ್ತಾರ. ಕೋಳಿಗೆ ಔಷಧ, ಮೊಲಕ್ಕ ವಿಷ. ಒಂದ ಶೆಡ್ಡಿನಾಗ ಎರಡೂ ಸಾಕಿದ್ರ ಚೀಲ, ಅಳತಿ ಡಬ್ಬಿ ಬ್ಯಾರೆ ಬ್ಯಾರೆ ಇರಲಿ.

ಹಂಗ, ಕೋಳಿಗೆ ನೀರಾಗ ಹಾಕೂ ಆಂಟಿಬಯಾಟಿಕ್ ಪುಡಿ ಮೊಲದ ಕ್ಯಾನಿಗೆ ಹಾಕಬ್ಯಾಡ್ರಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೋಮೈಸಿನ್ ಬಾಯಿಂದ ಹೋದ್ರ ಮೊಲದ ಕರಳಿನ ಒಳ್ಳೇ ಜೀವಾಣು ಸತ್ತು, ಕೆಟ್ಟಾವು ಎದ್ದು, ಭೇದಿಯಾಗಿ ಸಾಯ್ತೈತಿ. ಮೆಡಿಕಲ್ ಅಂಗಡ್ಯಾಂವ ಕೊಟ್ಟ ಅಂತ ಹಾಕೂದಲ್ಲ.

ಕಪ್ಪತಗುಡ್ಡ:

ನಿಪ್ಪಲ್ ವಿಷಯದಲ್ಲಿ ಒಂದು ತಕರಾರು. ಮೊಲ ನಿಪ್ಪಲ್ಲಿಗಿಂತ ತೆರೆದ ಬಟ್ಟಲಿನಲ್ಲಿ ಹೆಚ್ಚು ನೀರು ಕುಡಿಯುತ್ತದೆ, ಬೇಗ ಕುಡಿಯುತ್ತದೆ. ತಲೆ ತಗ್ಗಿಸಿ ಕುಡಿಯುವುದೇ ಅದರ ಸಹಜ ಭಂಗಿ. ಜಡ್ಡಿನ ಮೊಲ, ಮುದಿ ಮೊಲ, ಕಡು ಬೇಸಿಗೆಯ ಮಧ್ಯಾಹ್ನ, ಈ ಮೂರಕ್ಕೆ ಬಟ್ಟಲೇ ಸರಿ. ತಪ್ಪು ಬಟ್ಟಲಿನದಲ್ಲ, ಹಗುರ ಪ್ಲಾಸ್ಟಿಕ್ಕಿನದು. ಕಲ್ಲಿನ ಒಳ್ಳಿನಂಥದ್ದು, ಇಲ್ಲವೇ ದಪ್ಪ ಪಿಂಗಾಣಿ, ಒಂದು ಕಿಲೋಗಿಂತ ಭಾರ, ಎತ್ತರ ನಾಲ್ಕು ಬೆರಳು. ಮಣ್ಣಿನದಾದರೆ ಒಳಗೆ ಮೆರುಗು ಹಾಕಿದ್ದು ಇರಲಿ; ಮೆರುಗಿಲ್ಲದ ಮಣ್ಣಿನ ರಂಧ್ರಗಳಲ್ಲಿ ಲೋಳೆ ಕೂತರೆ ತಿಕ್ಕಿದರೂ ಬಿಡುವುದಿಲ್ಲ. ಪಂಜರಕ್ಕೆ ಎರಡು ಬಟ್ಟಲು: ಒಂದು ಒಳಗೆ, ಒಂದು ಬಿಸಿಲಲ್ಲಿ ಒಣಗುತ್ತಿರಬೇಕು.

ಗೂಡಿನ ಮರಿ ಹೊರಬರುವ ಪಂಜರದಲ್ಲಿ ಮಾತ್ರ ಆಳದ ಬಟ್ಟಲು ಬೇಡ, ಮುಳುಗಿ ಸಾಯುತ್ತವೆ. ಅಲ್ಲಿ ನಿಪ್ಪಲ್ಲೇ ಸರಿ. ಗಂಟಲ ಕೆಳಗೆ ಜೋಲುಚರ್ಮ ಇರುವ ದೊಡ್ಡ ಹೆಣ್ಣುಗಳಿಗೂ ಬಟ್ಟಲಿನಿಂದ ತೊಂದರೆ. ಆ ಚರ್ಮ ಸದಾ ತೊಯ್ದು ಕೆಂಪಾಗಿ, ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ವಾರಕ್ಕೊಮ್ಮೆ ಕೈಯಿಂದ ಎತ್ತಿ ನೋಡಿ.

ಶುಚಿಯ ಲೆಕ್ಕ. ನಳದ ನೀರಿನ ಕ್ಲೋರಿನ್ ಬ್ಯಾರಲ್ಲಿನಲ್ಲಿ ಎರಡು-ಮೂರು ದಿನ ನಿಂತರೆ ಹಾರಿಹೋಗುತ್ತದೆ. ವಾರದ ನೀರಿಗೆ ನಡುವೆ ಒಮ್ಮೆ ಬ್ಲೀಚಿಂಗ್ ಪುಡಿ ಹಾಕಬೇಕು. 200 ಲೀಟರಿಗೆ 2 ಗ್ರಾಂ, ಅಂದರೆ ಸಪಾಟಾಗಿ ಅರ್ಧ ಟೀ ಚಮಚ. ಪುಡಿ ಸೀದಾ ಬ್ಯಾರಲ್ಲಿಗೆ ಬೇಡ; ಒಂದು ಚರಗಿ ನೀರಲ್ಲಿ ಕಲಸಿ, ಸುಣ್ಣ ತಳ ಕೂತ ಮೇಲೆ ತಿಳಿ ಮಾತ್ರ ಸುರಿದು ಕದಡಿ, ಒಂದು ತಾಸು ಬಿಟ್ಟು ಕೊಡಿ. ಪುಡಿಯ ಪೊಟ್ಟಣ ತೆರೆದಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಸತ್ವ ಹೋಗಿ ಬರೀ ಸುಣ್ಣ ಉಳಿಯುತ್ತದೆ. ಮೂಗಿಗೆ ಘಾಟು ಬಡಿಯದಿದ್ದರೆ ಬಿಸಾಕಿ.

ಬಟ್ಟಲು, ಕಾಳಿನ ಪೆಟ್ಟಿಗೆಗೆ: ಮೊದಲು ಸೋಪು ಹಾಕಿ ತಿಕ್ಕಿ ತೊಳೆಯಿರಿ, ಆಮೇಲೆ 10 ಲೀಟರ್ ನೀರಿಗೆ 7 ಗ್ರಾಂ, ಅಂದರೆ ಸಪಾಟು ಎರಡು ಟೀ ಚಮಚ ಬ್ಲೀಚಿಂಗ್, ಹತ್ತು ನಿಮಿಷ ನೆನೆಸಿ, ತೊಳೆದು, ಬಿಸಿಲಿಗೆ. ಜಿಡ್ಡು, ಹಿಕ್ಕಿ ಇದ್ದಂತೆಯೇ ನೆನೆಸಿದರೆ ಕ್ಲೋರಿನ್ ಆ ಕೊಳೆಯ ಮೇಲೇ ಖರ್ಚಾಗುತ್ತದೆ.

ಮೇಲೆ ಹೇಳಿದ ಕಾಕ್ಸಿಡಿಯಾಕ್ಕೆ ಬ್ಲೀಚಿಂಗ್, ಫಿನಾಯಿಲ್ ಯಾವುದೂ ನಾಟುವುದಿಲ್ಲ. ಕುದಿಯುವ ನೀರು, ಬೆಂಕಿ, ಒಣ ಬಿಸಿಲು ನಾಟುತ್ತವೆ. ಮೊಲ ಹೊರಗೆ ತೆಗೆದು, ಹಿಕ್ಕಿ ಅಂಟಿದ ಜಾಳಗಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಕುದಿಯುವ ನೀರು ಹೊಯ್ದು ಪೂರ್ತಿ ಒಣಗಿಸಿ. ಹಿಕ್ಕಿಯ ತಟ್ಟೆ ದಿನಕ್ಕೊಮ್ಮೆ ಖಾಲಿ ಮಾಡಿದರೆ ಕಣಗಳು ಬಲಿಯುವ ಮೊದಲೇ ಹೊರಗೆ ಹೋದವು. ಎರಡು ದಿನಕ್ಕೊಮ್ಮೆ ಮಾಡಿದರೆ ಆ ಲಾಭ ಇಲ್ಲ.

ಬೆಟಗೇರಿ ಮಗ್ಗ:

ಕ್ಯಾನ್, ಫಿಲ್ಟರ್, 9 ನಿಪ್ಪಲ್ ಜೋಡ್ಸಿ ನಾಕು ದಿನ ಆತ್ರಿ. ಎರಡು ನಿಪ್ಪಲ್ ತೊಟ್ಟಿಕ್ಕತಾವ. ಕಡೀ ಪಂಜರದ್ದು ಒಂದರಾಗ ನೀರ ಬರವಲ್ದು. ಬೋರಿನ ನೀರು ಹಾಕಿದ ದಿನ ಕುಡಿಯೂದು ಕಮ್ಮಿ. ಮಧ್ಯಾಹ್ನ ಪೈಪ್ ಮುಟ್ಟಿದ್ರ ಸುಡತೈತಿ. ಇನ್ನೊಂದು, ಒಂದು ಹೆಣ್ಣು ಮುಂಜಾನಿಂದ ಏನೂ ತಿಂದಿಲ್ಲ.

ನವಲೂರು ಪೇರಲ:

ಕಡೀದು ಮದಲ. ತಿನ್ನದ ಮೊಲಕ್ಕ ಈಗ ವ್ಯಾಳೆ ಭಾಳಿಲ್ಲ. ಮೊಲ ವಾಂತಿ ಮಾಡೂದಿಲ್ಲ, ಕರಳು ನಿಂತ್ರ ಒಳಗಿಂದು ಒಳಗ ಕೊಳೀತೈತಿ. 12 ತಾಸು ತಿನ್ನದ, ಹಿಕ್ಕಿ ಹಾಕದ ಇದ್ರ ತುರ್ತು ಅಂತ ತಿಳೀರಿ. ಕಾಳು ತಗದು ಒಣ ಹುಲ್ಲು, ಬಟ್ಟಲದಾಗ ತಣ್ಣೀರು ಮುಂದ ಇಟ್ಟು ಇವತ್ತ ಡಾಕ್ಟರ್ ಕಡೆ ಒಯ್ಯಿರಿ. ಒಯ್ಯಾಕ ಆಗದಿದ್ರ 1962ಕ್ಕ ಫೋನ್ ಹಚ್ಚಿ ಪಶು ಸಂಚಾರಿ ಗಾಡಿ ಕೇಳ್ರಿ. ಬಲವಂತದ ಎಣ್ಣಿ, ಹಾಲು ಕುಡಿಸಬ್ಯಾಡ್ರಿ, ಪುಪ್ಪಸಕ್ಕ ಹೋಗ್ತೈತಿ. ಒಂದು ಮಾತು: ಗುದಕ್ಕ ಬಾಯಿ ಹಚ್ಚಿ ಮೆತ್ತನ್ನ ಹಿಕ್ಕಿ ತಿನ್ನೂದು ಕಂಡ್ರ ಜಡ್ಡಲ್ಲ, ಅದು ದಿನಾ ಮಾಡೂದ, ಅದರಾಗ ಜೀವಸತ್ವ ಇರ್ತಾವ.

ಪೈಪ್ ಸುಡೂದು ಇದಕ್ಕ ಕಾರಣ ಇದ್ದೀತು. ಬಿಸಿ ನೀರು ಮೊಲ ಕುಡಿಯೂದಿಲ್ಲ, ಕುಡೀದಿದ್ರ ತಿನ್ನೂದಿಲ್ಲ. ತಗಡಿಗೆ ಹತ್ತಿದ ಪೈಪ್ ಕೆಳಗ ಇಳಸ್ರಿ, ಗೋಣಿಚೀಲ ಸುತ್ತಿ ತೊಯಿಸ್ರಿ. 12ಕ್ಕ, 3ಕ್ಕ ತುದಿ ನಳ ಬಿಟ್ಟು ಪೈಪಿನಾಗಿನ ಬಿಸಿ ನೀರು ಹೊರಗ ಹಾಕ್ರಿ. ಅದು ಒಂದು ಚರಗಿ ಸೈತ ಆಗೂದಿಲ್ಲ. ಕಾಳು ಮಧ್ಯಾಹ್ನ ಬ್ಯಾಡ, ಸಂಜಿ 7ರ ಮ್ಯಾಲ. ಮೊಲ ರಾತ್ರಿಯ ತಿನ್ನೂ ಪ್ರಾಣಿ.

ಕಡೀ ನಿಪ್ಪಲ್ಲಿಗೆ ಗಾಳಿ ತಡದೈತಿ. ಪೈಪ್ ನಡುವ ಎಲ್ಲೋ ಉಬ್ಬಿ ಮ್ಯಾಲೆದ್ದೈತಿ, ಅಲ್ಲಿ ಗುಳ್ಳಿ ಕುಂತೈತಿ. ತುದಿ ನಳ ಪೂರ್ತಿ ಬಿಟ್ಟು ಹರಸ್ರಿ, ಆಮ್ಯಾಲ ಪೈಪ್ ಅಡಿಗೊಂದು ಕ್ಲಿಪ್ ಹಾಕಿ ಸೀದಾ ಮಾಡ್ರಿ.

ತೊಟ್ಟಿಕ್ಕೂ ಎರಡು ಬಿಚ್ಚಿ ರಬ್ಬರ್ ವಾಸರ್ ನೋಡ್ರಿ. ಒಂದು ಕಡೆ ಬಿಳೀ ಪುಡಿ ಕುಂತಿದ್ರ ಅದು ಸವಳ ನೀರಿನ ಸುಣ್ಣ. ಲೀಟರ್ ನೀರಿಗೆ 20 ಗ್ರಾಂ ಲಿಂಬಿ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದು ತಾಸು ನೆನೆ ಹಾಕಿ, ಹಳೇ ಹಲ್ಲಿನ ಬ್ರಶ್ಶಿಲೆ ತಿಕ್ರಿ. ಅದ ಬಕೆಟ್‌ದಾಗ ಬ್ಲೀಚಿಂಗ್ ಮುಟ್ಟಿಸಬ್ಯಾಡ್ರಿ, ವಿಷದ ಗಾಳಿ ಏಳತೈತಿ. ಬೋರಿನ ನೀರು ಹಾಕೂದ ಇದ್ರ ಅರ್ಧ ನಳದ ನೀರು ಬೆರಸಿ ಹಾಕ್ರಿ, ಒಮ್ಮೆಲೆ ರುಚಿ ಬದ್ಲಾದ್ರ ಎರಡು ದಿನ ಮುನಸ್ಕೋತಾವ. ಕುಡಿಯಾಕ ಮನಿ ಮಂದಿ ಬಾಯಿಗೆ ಹಾಕದ ನೀರಾದ್ರ ಮೊಲಕ್ಕೂ ಬ್ಯಾಡ. ವಾರಕ್ಕ 60 ಲೀಟರ್ ನಳದ ನೀರು ಬ್ಯಾರೆ ಮುಚ್ಚಿದ ಡ್ರಮ್ಮಿನಾಗ ಮೊಲಕ್ಕಂತ ಎತ್ತಿಟ್ರ ಆತು, ಬೇಸಿಗಿಗೆ ನೂರು.

ಬೆಟಗೇರಿ ಮಗ್ಗ:

ಡಾಕ್ಟರ್ ಕಡೆ ಹೊಂಟೇವ್ರಿ. ಹಿಕ್ಕಿನೂ ಡಬ್ಬ್ಯಾಗ ತಗೊಂಡೇವು.